ಲಾ ಬೋಲಾದ ಕೊಸೀದೊ: ಮ್ಯಾಡ್ರಿಡ್‌ನಲ್ಲಿ ಉಣ್ಣುವ ಕ್ರಮ, ಮನೆಯಲ್ಲಿ ಬೇಯಿಸುವ ಬಗೆ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಮ್ಯಾಡ್ರಿಡ್‌ನ ಹೆಸರಾಂತ ಊಟವಾದ ಕೊಸೀದೊವನ್ನು ಅಳೆಯುವುದಕ್ಕೂ ಹಾಗೆಯೇ ಒಂದು ಕಡಲೆಕಾಳು ಸಾಕು. ಸಿಪ್ಪೆ ಬಿಡದೆ, ಆಕಾರ ಕೆಡದೆ ಇದ್ದ ಕಾಳು ನಾಲಿಗೆಗೂ ಅಂಗುಳಿಗೂ ನಡುವೆ ಒತ್ತಿದೊಡನೆ ಕರಗಿತೆಂದರೆ ಅಡುಗೆ ಗೆದ್ದಿತು. ಕಾಳು ಒಳಗೆ ಗಟ್ಟಿಯಾಗಿಯೇ ಉಳಿದಿದ್ದರೆ, ತಟ್ಟೆಯಲ್ಲಿ ಎಷ್ಟು ಬಗೆಯ ಮಾಂಸವಿದ್ದರೂ ಅಡುಗೆ ಸೋತಂತೆಯೇ. ನೀರು, ಉಪ್ಪು, ಉರಿ, ಮಡಕೆ ಎಂದು ಮುಂದೆ ನಾನು ಹೇಳುವ ಬಹುತೇಕ ಎಚ್ಚರಿಕೆಗಳೆಲ್ಲ ಆ ಕಾಳನ್ನು ಕಾಪಾಡುವುದಕ್ಕಾಗಿಯೇ ಇವೆ.

ಈ ಊಟವನ್ನು ಅರಿಯಲು ಮ್ಯಾಡ್ರಿಡ್‌ನಲ್ಲಿ ಹಲವು ಹಳೆಯ ಹೋಟೆಲುಗಳಿವೆ. 1839ರಲ್ಲಿ ಶುರುವಾದ ಲಾರ್ದಿ ಇದೆ, ರಾಸ್ತ್ರೊ ಸಂತೆಯ ಸಮೀಪ 1895ರ ಮಾಲಕಾತೀನ್ ಇದೆ. ಆದರೂ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು 1870ರಲ್ಲಿ ಆರಂಭವಾದ ಲಾ ಬೋಲಾವನ್ನೇ. ಇಲ್ಲಿ ಇಂದಿಗೂ ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಪುಟ್ಟ ಮಣ್ಣಿನ ಮಡಕೆಯಲ್ಲಿ, ಎನ್ಸೀನಾ ಎಂಬ ಓಕ್ ಜಾತಿಯ ಮರದ ಇದ್ದಿಲ ಕೆಂಡದ ಮೇಲೆ ಕೊಸೀದೊ ಬೇಯುತ್ತದೆ. ದೊಡ್ಡ ಹಂಡೆಯಲ್ಲಿ ಬೇಯಿಸಿ ತಟ್ಟೆಗಳಿಗೆ ಹಂಚುವುದು ಎಷ್ಟೋ ಸುಲಭ. ಆ ಸುಲಭದ ದಾರಿ ಹಿಡಿಯದ ಹೋಟೆಲಿನಲ್ಲಿ ಕುಳಿತು ಉಂಡರೆ, ಮನೆಯಲ್ಲಿ ಮಾಡುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂಬುದು ಸ್ಪಷ್ಟವಾಗುತ್ತದೆ. ಹಾಗಾಗಿ ಮೊದಲು ಅಲ್ಲಿ ಉಣ್ಣುವ ಕ್ರಮ, ಆಮೇಲೆ ಮನೆಯ ಒಲೆ.

ಮಡಕೆಯೊಳಗಿನ ಇತಿಹಾಸ

ಕಾಬೂಲ್ ಕಡಲೆ, ಹಲವು ಬಗೆಯ ಮಾಂಸ, ಮೂಳೆ, ತರಕಾರಿ ಎಲ್ಲವನ್ನೂ ಒಟ್ಟಿಗೆ ಗಂಟೆಗಟ್ಟಲೆ ಮಂದ ಉರಿಯಲ್ಲಿ ಬೇಯಿಸಿ, ಬಡಿಸುವಾಗ ಮಾತ್ರ ಬೇರೆ ಬೇರೆ ಮಾಡುವುದು ಕೊಸೀದೊದ ಮೂಲ ಲಕ್ಷಣ. ಇದರ ಬೇರು ಸ್ಪೇನಿನ ಯೆಹೂದಿಗಳ ಅದಾಫೀನಾ ಎಂಬ ಅಡುಗೆಯಲ್ಲಿದೆ ಎಂಬುದು ಬಹುಮಂದಿ ಅಡುಗೆ ಇತಿಹಾಸಕಾರರು ಒಪ್ಪುವ ಮಾತು. ಸಬ್ಬತ್ ಎಂಬ ವಿಶ್ರಾಂತಿಯ ದಿನವಾದ ಶನಿವಾರ ಯೆಹೂದಿಗಳು ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಶುಕ್ರವಾರ ಸೂರ್ಯ ಮುಳುಗುವ ಮುನ್ನವೇ ಕಡಲೆ, ಕುರಿಮಾಂಸಗಳ ಮಡಕೆಯನ್ನು ಕೆಂಡದ ಮೇಲಿಟ್ಟು ರಾತ್ರಿಯಿಡೀ ತಾನಾಗಿ ಬೇಯಲು ಬಿಡುತ್ತಿದ್ದರು. 1492ರಲ್ಲಿ ರಾಜಾಜ್ಞೆಯ ಮೂಲಕ ಯೆಹೂದಿಗಳನ್ನು ದೇಶದಿಂದ ಹೊರಹಾಕಲಾಯಿತು. ಮತಾಂತರಗೊಂಡು ಉಳಿದವರ ಅಡುಗೆಮನೆಯ ಮೇಲೂ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಮಂಡಳಿಯ ಕಣ್ಣಿತ್ತು. ಮಡಕೆಯಲ್ಲಿ ಹಂದಿಮಾಂಸ ಬೇಯುತ್ತಿದ್ದರೆ ಅದು ಕ್ರೈಸ್ತ ಮನೆ ಎಂಬುದಕ್ಕೆ ಸಾಕ್ಷಿಯಾಗುತ್ತಿತ್ತು. ಇಂದು ಕೊಸೀದೊದಲ್ಲಿ ಹಂದಿಯ ಕೊಬ್ಬು, ಹಾಮೋನ್ ಎಂಬ ಉಪ್ಪು ಹಚ್ಚಿ ಒಣಗಿಸಿದ ಹಂದಿಯ ತೊಡೆ, ಚೊರೀಸೊ ಎಂಬ ಕೆಂಪು ಸಾಸೇಜು ಇಷ್ಟು ಮೆರೆಯುವುದರ ಹಿಂದೆ ಆ ಭಯದ ದಿನಗಳೂ ಇವೆ ಎಂಬುದನ್ನು ಮರೆಯಬಾರದೆಂದು ನನಗೆ ಅನಿಸುತ್ತದೆ. ಆಲೂಗಡ್ಡೆ ಮತ್ತು ಚೊರೀಸೊಗೆ ಬಣ್ಣ ಕೊಡುವ ಕೆಂಪು ಮೆಣಸು ಅಮೆರಿಕ ಖಂಡದಿಂದ ಬಂದು ಸೇರಿದ್ದು ಅದರ ನಂತರ.

ಲಾ ಬೋಲಾದವರು ತಮ್ಮ ಹಳೆಯ ದಿನಗಳ ಬಗ್ಗೆ ಹೇಳುವ ಒಂದು ಸಂಗತಿ ಬಹಳ ಸೊಗಸಾಗಿದೆ. ಆಗ ಇಲ್ಲಿ ಮೂರು ಹೊತ್ತಿಗೆ ಮೂರು ಬಗೆಯ ಕೊಸೀದೊ ಸಿಗುತ್ತಿತ್ತು. ಮಧ್ಯಾಹ್ನ 12ಕ್ಕೆ ಕೂಲಿಕಾರರಿಗೆ, ಸಣ್ಣ ನೌಕರರಿಗೆ 1.15 ಪೆಸೆಟಾದ (ಸ್ಪೇನಿನ ಹಳೆಯ ನಾಣ್ಯ) ಅಗ್ಗದ ಊಟ. 1 ಗಂಟೆಗೆ ಕೋಳಿ ಸೇರಿಸಿದ 1.25 ಪೆಸೆಟಾದ್ದು, ಅದು ವಿದ್ಯಾರ್ಥಿಗಳ ಪಾಲು. 2 ಗಂಟೆಯಿಂದಾಚೆಗೆ ಮಾಂಸವೂ ಹಂದಿಯ ಕೊಬ್ಬೂ ಇರುವ ಮಡಕೆ, ಪತ್ರಕರ್ತರಿಗೆ ಮತ್ತು ಸೆನೆಟರುಗಳಿಗೆ. ಸ್ಪೇನಿನ ಸೆನೆಟ್ ಭವನ ಇಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿದೆ, ಹಾಗಾಗಿ ಆ ಗಿರಾಕಿಗಳು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಜೇಬಿನ ಭಾರಕ್ಕೆ ತಕ್ಕಂತೆ ಮಾಂಸ ಹೆಚ್ಚುತ್ತಾ ಹೋಯಿತು, ಕಡಲೆ ಮಾತ್ರ ಮೂರೂ ಮಡಕೆಯಲ್ಲಿ ಇತ್ತು.

ಹೋಟೆಲಿಗೆ ಹೋಗುವುದು

ವಿಳಾಸ: ಕಾಯೆ ದೆ ಲಾ ಬೋಲಾ, ಸಂಖ್ಯೆ 5. ಒಪೆರಾ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷಗಳ ನಡಿಗೆ. ರಾಜರ ಅರಮನೆ, ತೆಯಾತ್ರೊ ರೆಯಾಲ್ ರಂಗಮಂದಿರ, ಎನ್ಕಾರ್ನಸಿಯೋನ್ ಸನ್ಯಾಸಿನಿಯರ ಮಠ ಎಲ್ಲವೂ ಸುತ್ತಮುತ್ತಲೇ ಇರುವುದರಿಂದ, ಬೆಳಗ್ಗೆ ಅವುಗಳನ್ನು ನೋಡಿಕೊಂಡು ಮಧ್ಯಾಹ್ನಕ್ಕೆ ಇಲ್ಲಿಗೆ ಬರುವಂತೆ ದಿನವನ್ನು ಹೊಂದಿಸಿಕೊಳ್ಳಿ. ಬೀದಿಯ ಮೂಲೆಯಲ್ಲಿ ಕೆಂಪು ಬಣ್ಣ ಬಳಿದ ಮರದ ಮುಂಭಾಗ ಕಂಡರೆ ಅದೇ.

ಹೊತ್ತಿನ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಸ್ಪೇನಿನಲ್ಲಿ ಮಧ್ಯಾಹ್ನದ ಊಟ 2 ಗಂಟೆಗೆ ಕಳೆಕಟ್ಟುತ್ತದೆ. ಕೊಸೀದೊ ಮಧ್ಯಾಹ್ನದ ಊಟ, ಅದರಲ್ಲೂ ಚಳಿಗಾಲದ ಊಟ. ರಾತ್ರಿ ಅದನ್ನು ಉಂಡು ಮಲಗುವುದು ಹೊಟ್ಟೆಗೆ ಒಳ್ಳೆಯದಲ್ಲ. ಜುಲೈ, ಆಗಸ್ಟ್‌ನ ಉರಿಬಿಸಿಲಿನಲ್ಲಿ ತಿನ್ನಬಹುದಾದರೂ ಅದರ ಸುಖ ಅರ್ಧಕ್ಕಿಳಿಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಯಾವುದಾದರೂ ತಣ್ಣನೆಯ ದಿನ ಹೋಗಿ. ಜಾಗವನ್ನು ಮೊದಲೇ ಕಾದಿರಿಸಿ, ವಾರಾಂತ್ಯವಾದರಂತೂ ಕೆಲವು ದಿನ ಮುಂಚೆಯೇ. ತೆರೆಯುವ ದಿನ, ಹಣ ಪಾವತಿಯ ಕ್ರಮಗಳನ್ನು ಕಾದಿರಿಸುವಾಗಲೇ ಕೇಳಿಬಿಡಿ. ಬೆಳಗಿನ ತಿಂಡಿಯನ್ನು ಹಗುರಾಗಿ ಮುಗಿಸಿ.

ಹಂದಿ ಅಥವಾ ದನದ ಮಾಂಸ ತಿನ್ನದವರು ಒಂದನ್ನು ಖಚಿತವಾಗಿ ತಿಳಿದಿರಬೇಕು: ಕೊಸೀದೊದಿಂದ ಅದನ್ನು ತೆಗೆದು ಬಡಿಸಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎಲ್ಲವೂ ಒಂದೇ ಮಡಕೆಯಲ್ಲಿ ಬೆಂದು ಸಾರು ಅದರಿಂದಲೇ ಆಗಿರುತ್ತದೆ. ಸಸ್ಯಾಹಾರಿಗಳಿಗೂ ಇದೇ ಮಾತು. ಅವರಿಗಾಗಿ ಸ್ಪೇನಿನದೇ ಆದ ಇನ್ನೊಂದು ಕಡಲೆಯ ಅಡುಗೆಯನ್ನು ಮುಂದೆ ಹೇಳಿದ್ದೇನೆ.

ಆರ್ಡರ್ ಮಾಡುವುದು, ಉಣ್ಣುವುದು

ತಲೆಗೊಂದು ಕೊಸೀದೊ ಹೇಳಿ, ಅಷ್ಟೇ. ಮುಂಚೆ ತಿನ್ನಲು ಕರಿದ ಪದಾರ್ಥ, ಚೀಸ್ ಎಂದೆಲ್ಲ ತರಿಸಬೇಡಿ. ಕೊಸೀದೊ ಎಂದರೇನೇ ಪೂರ್ತಿ ಊಟ. ಮ್ಯಾಡ್ರಿಡ್‌ನಲ್ಲಿ ಇದನ್ನು ಸಾಮಾನ್ಯವಾಗಿ ಮೂರು ಸರದಿಯಲ್ಲಿ ಬಡಿಸುತ್ತಾರೆ: ಮೊದಲು ಸಾರು, ನಂತರ ಕಡಲೆ ಮತ್ತು ತರಕಾರಿ, ಕೊನೆಗೆ ಮಾಂಸ. ಇಸ್ಪೀಟಿನ ಎಲೆಗಳ ಹೆಸರಿನಲ್ಲಿ ಇದಕ್ಕೆ ಸೋತಾ, ಕಬಾಯೊ, ರೇ ಎನ್ನುವುದುಂಟು; ಎಂದರೆ ಗುಲಾಮ, ಕುದುರೆ ಸವಾರ, ರಾಜ. ಲಾ ಬೋಲಾದಲ್ಲಿ ಮಡಕೆಯೇ ನಿಮ್ಮ ಮುಂದೆ ಬರುವುದರಿಂದ ಕ್ರಮ ತುಸು ಬೇರೆ.

ಬಡಿಸುವವರು ಬೇಯಿಸಿದ ತೆಳು ಶಾವಿಗೆ ಇರುವ ಆಳವಾದ ತಟ್ಟೆಯನ್ನು ಇಟ್ಟು, ಬಿಸಿ ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ಬಾಗಿಸುತ್ತಾರೆ. ಮಡಕೆಯ ಕತ್ತು ಕಿರಿದು. ಹೊಟ್ಟೆಯೊಳಗಿನ ಕಡಲೆ, ಮಾಂಸಗಳು ಅಲ್ಲೇ ಒತ್ತಿಕೊಂಡು ನಿಲ್ಲುತ್ತವೆ, ಹೊಂಬಣ್ಣದ ತಿಳಿಸಾರು ಮಾತ್ರ ಶಾವಿಗೆಯ ಮೇಲೆ ಇಳಿಯುತ್ತದೆ. ಸಾರಿನ ಮೇಲೆ ಕೊಬ್ಬಿನ ಸಣ್ಣ ಸಣ್ಣ ಕಣ್ಣುಗಳು ತೇಲುತ್ತಿರುತ್ತವೆ. ಅವನ್ನು ಪಕ್ಕಕ್ಕೆ ಸರಿಸಬೇಡಿ, ಪರಿಮಳವಿರುವುದು ಅಲ್ಲೇ. ವಿನಿಗರ್‌ನಲ್ಲಿ ನೆನೆಸಿದ ಉದ್ದನೆಯ ಹಸಿರು ಮೆಣಸಿನಕಾಯಿ ಮತ್ತು ಹಸಿ ಈರುಳ್ಳಿ ಪಕ್ಕಕ್ಕೆ ಇರುತ್ತವೆ. ಎರಡು ಚಮಚ ಸಾರಿಗೆ ಒಂದು ಕಡಿತ ಎಂಬ ಲೆಕ್ಕದಲ್ಲಿ ಹೋದರೆ ಕೊಬ್ಬಿನ ಜಿಡ್ಡು ನಾಲಿಗೆಗೆ ಅಂಟುವುದಿಲ್ಲ.

ಸಾರು ಮುಗಿದ ಮೇಲೆ ಮಡಕೆಯಲ್ಲಿ ಉಳಿದದ್ದನ್ನೆಲ್ಲ ಇನ್ನೊಂದು ತಟ್ಟೆಗೆ ಮಗುಚುತ್ತಾರೆ. ಆಗ ಮಾಂಸಕ್ಕೆ ಕೈಹಾಕುವ ಆತುರ ಬೇಡ. ಮೊದಲು ಬರೀ ಕಡಲೆಯನ್ನು ಒಂದು ಚಮಚ ತಿಂದು ನೋಡಿ. ನಂತರ ಅದರ ಮೇಲೆ ಸ್ವಲ್ಪ ಆಲಿವ್ ಎಣ್ಣೆ, ಸ್ವಲ್ಪ ಟೊಮೆಟೊ ಗೊಜ್ಜು. ಎಲೆಕೋಸಿನ ಪಲ್ಯವನ್ನು ನಡುನಡುವೆ ತೆಗೆದುಕೊಳ್ಳಿ. ಹಂದಿಯ ಕೊಬ್ಬಿನ ತುಂಡನ್ನು ಫೋರ್ಕಿನಲ್ಲಿ ಜಜ್ಜಿ ಬ್ರೆಡ್ಡಿಗೆ ಸವರಿಕೊಳ್ಳುವುದು ಅಲ್ಲಿನವರ ರೂಢಿ. ಪೂರ್ತಿ ಖಾಲಿ ಮಾಡಲಾಗದಿದ್ದರೆ ಮಾಂಸ ಬಿಡಿ, ಕಡಲೆ ಬಿಡಬೇಡಿ. ಸಿಹಿಗೆ ಸೇಬಿನ ಬುನ್ಯುವೆಲೊ ಎಂಬ, ಹಿಟ್ಟಿನಲ್ಲಿ ಅದ್ದಿ ಕರಿದ ತುಂಡುಗಳು ಇಲ್ಲಿ ಪ್ರಸಿದ್ಧ. ಇಬ್ಬರಿಗೆ ಒಂದು ತಟ್ಟೆ ಸಾಕು. ಊಟವಾದ ಕೂಡಲೇ ಎದ್ದು ಹೋಗುವುದು ಸ್ಪೇನಿನ ಸಂಪ್ರದಾಯವಲ್ಲ. ಕಾಫಿ ತರಿಸಿ, ಅರ್ಧ ಗಂಟೆ ಮಾತಾಡುತ್ತಾ ಕೂರಿ.

ಲಿಯೋನ್ ಪ್ರಾಂತ್ಯದ ಅಸ್ತೋರ್ಗಾ ಕಡೆಗೆ ಹೋದವರು ಗೊಂದಲಪಡದಿರಲೆಂದು ಒಂದು ಮಾತು: ಅಲ್ಲಿನ ಮಾರಗಾತೊ ಕೊಸೀದೊದಲ್ಲಿ ಎಲ್ಲವೂ ತಿರುವುಮುರುವು. ಮೊದಲು ಮಾಂಸ, ಆಮೇಲೆ ಕಡಲೆ, ಕಟ್ಟಕಡೆಗೆ ಸಾರು.

ಮನೆಯಲ್ಲಿ ಮಾಡಲು: ಸಾಮಗ್ರಿ

ಐದಾರು ಜನಕ್ಕೆ ಬೇಕಾಗುವುದು ಇಷ್ಟು:

- ದೊಡ್ಡ ಕಾಬೂಲ್ ಕಡಲೆ, 400 ಗ್ರಾಂ
- ದನದ ಮೊಣಕಾಲಿನ ಕೆಳಗಿನ ಮಾಂಸ, 500 ಗ್ರಾಂ
- ಬಲಿತ ಹೆಂಟೆಯ ಕಾಲು ಭಾಗ
- ಮಜ್ಜೆ ಇರುವ ಮೂಳೆ, ಎರಡು ತುಂಡು
- ಹಾಮೋನಿನ ಮೂಳೆ ಅಥವಾ ತುದಿಯ ತುಂಡು, ಸುಮಾರು 100 ಗ್ರಾಂ
- ಹಂದಿಯ ಕೊಬ್ಬು, 150 ಗ್ರಾಂ
- ಚೊರೀಸೊ ಎರಡು, ಮೊರ್ಸಿಯಾ ಎಂಬ ರಕ್ತದ ಸಾಸೇಜು ಒಂದು
- ಕ್ಯಾರೆಟ್ ಎರಡು, ಮಧ್ಯಮ ಗಾತ್ರದ ಆಲೂಗಡ್ಡೆ ನಾಲ್ಕು, ಎಲೆಕೋಸು ಅರ್ಧ
- ತೆಳು ಶಾವಿಗೆ, 120 ಗ್ರಾಂ
- ಬೆಳ್ಳುಳ್ಳಿ, ಟೊಮೆಟೊ, ಜೀರಿಗೆ, ಆಲಿವ್ ಎಣ್ಣೆ, ಉಪ್ಪು

ಕಡಲೆಗೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಸ್ಪೇನಿನಲ್ಲಿ ಸಾಮೋರಾ ಪ್ರಾಂತ್ಯದ ಫುವೆಂತೆಸಾವುಕೊ ಕಡಲೆಗೆ ಭೌಗೋಳಿಕ ಗುರುತಿನ ರಕ್ಷಣೆಯೇ ಇದೆ. ಯುರೋಪಿನಲ್ಲಿರುವ ಕನ್ನಡಿಗರಿಗೆ ಅದು ಅಥವಾ ಕಾಸ್ತೆಯಾನೊ ಜಾತಿಯದು ಸಿಗಬಹುದು. ಇಲ್ಲಿ ಕೊಳ್ಳುವವರು ದಪ್ಪ ಕಾಳಿನ, ಒಂದೇ ಗಾತ್ರದ, ಹೊಸ ಫಸಲಿನ ಕಾಬೂಲ್ ಕಡಲೆಯನ್ನು ಆರಿಸಿ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಡಬ್ಬಿಯಲ್ಲಿ ಬರುವ ಬೆಂದ ಕಡಲೆಯನ್ನು ಇದಕ್ಕೆ ಬಳಸಲೇಬೇಡಿ. ಅದು ಸಾರಿನ ರಸವನ್ನು ಹೀರುವ ಹಂತವನ್ನು ಎಂದೋ ದಾಟಿರುತ್ತದೆ.

ಮಾಂಸದಲ್ಲಿ ಬದಲಾವಣೆ ಮಾಡಬಹುದು. ಹಂದಿ, ದನ ಎರಡೂ ಬೇಡವೆನ್ನುವವರು ಕುರಿಯ ಮುಂಗಾಲಿನ ಮಾಂಸ, ಮಜ್ಜೆಯ ಮೂಳೆ ಮತ್ತು ಬಲಿತ ನಾಟಿ ಹೆಂಟೆ ಹಾಕಿ ಮಾಡಬಹುದು. ಇದನ್ನು ಹೊಂದಾಣಿಕೆ ಎಂದು ತಿಳಿಯಬೇಕಾಗಿಲ್ಲ, ಕಡಲೆ ಮತ್ತು ಕುರಿಮಾಂಸದ ಅದಾಫೀನಾಕ್ಕೆ ಅದು ಇನ್ನೂ ಹತ್ತಿರ. ಫಾರಂ ಕೋಳಿ ಹಾಕಿದರೆ ಮುಕ್ಕಾಲು ಗಂಟೆಯೊಳಗೆ ಹೊರತೆಗೆಯಬೇಕು, ಇಲ್ಲದಿದ್ದರೆ ನಾರುನಾರಾಗಿ ಬಿಟ್ಟುಕೊಳ್ಳುತ್ತದೆ. ಚೊರೀಸೊ ಬದಲು ಗೋವಾದ ಸಾಸೇಜು ಹಾಕುವವರಿದ್ದಾರೆ. ಅದರಲ್ಲಿ ವಿನಿಗರ್ ಮತ್ತು ಖಾರ ಬಹಳ ಇರುತ್ತದೆ. ಅದನ್ನು ಸಾರಿನ ಪಾತ್ರೆಗೆ ಹಾಕದೆ ಬೇರೆಯಾಗಿಯೇ ಬೇಯಿಸಿ ಕೊನೆಯಲ್ಲಿ ತಟ್ಟೆಗೆ ಇಡಿ.

ಹಿಂದಿನ ರಾತ್ರಿ: ನೀರು ಮತ್ತು ಉಪ್ಪು

ಕಡಲೆಯನ್ನು ತೊಳೆದು, ಅದರ ಮೂರು ಪಟ್ಟು ಉಗುರುಬೆಚ್ಚನೆಯ ನೀರಿನಲ್ಲಿ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ 12 ಗಂಟೆ ನೆನೆಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲಿ ಗಟ್ಟಿಯಾಗಿದೆ. ನೆನೆಹಾಕುವ ನೀರಿನ ಮಟ್ಟಿಗೆ ಅದು ತಪ್ಪು. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟಿನಂಥ ವಸ್ತು, ಅದಕ್ಕೆ ಗಟ್ಟಿತನ ಕೊಡುವುದು ಕ್ಯಾಲ್ಸಿಯಂ. ಉಪ್ಪಿನಲ್ಲಿರುವ ಸೋಡಿಯಂ ನಿಧಾನವಾಗಿ ಆ ಕ್ಯಾಲ್ಸಿಯಂನ ಜಾಗಕ್ಕೆ ಸೇರಿಕೊಂಡು ಸಿಪ್ಪೆಯನ್ನು ಮೃದುಗೊಳಿಸುತ್ತದೆ. ಸಿಪ್ಪೆ ಮೃದುವಾದ ಕಾಳು ಒಡೆಯದೆ ಉಬ್ಬುತ್ತದೆ.

ಇದೇ ಕಾರಣಕ್ಕೆ ನೀರು ಮುಖ್ಯ. ಮ್ಯಾಡ್ರಿಡ್‌ಗೆ ನೀರು ಬರುವುದು ಉತ್ತರದ ಗ್ವಾದರ್ರಾಮಾ ಬೆಟ್ಟಸಾಲಿನಿಂದ. ಅಲ್ಲಿನ ಬಂಡೆ ಗ್ರಾನೈಟ್, ಹಾಗಾಗಿ ನೀರಿನಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಲೊಸೋಯಾ ನದಿಯ ಆ ಮೆದು ನೀರು ಕಾಲುವೆಯಲ್ಲಿ ನಗರಕ್ಕೆ ಮೊದಲು ಹರಿದದ್ದು 1858ರಲ್ಲಿ, ಲಾ ಬೋಲಾ ಬಾಗಿಲು ತೆರೆಯುವುದಕ್ಕೆ 12 ವರ್ಷ ಮುಂಚೆ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ನಿಮ್ಮ ಮನೆಯ ನೀರು ಗಡಸಾಗಿದ್ದರೆ ನೆನೆಹಾಕಲೂ ಬೇಯಿಸಲೂ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಿ. ಅದಿಲ್ಲದಿದ್ದರೆ ನೆನೆಹಾಕುವಾಗ ಚಿಟಿಕೆ ಅಡುಗೆ ಸೋಡಾ ಸಾಕು. ಹೆಚ್ಚಾದರೆ ಕಾಳು ಮುದ್ದೆಯಾಗಿ ಸಾಬೂನಿನ ವಾಸನೆ ಬರುತ್ತದೆ.

ಹಾಮೋನ್ ಮತ್ತು ಉಪ್ಪು ಹಚ್ಚಿದ ಕೊಬ್ಬು ಇದ್ದರೆ ಅವನ್ನೂ ರಾತ್ರಿ ಬೇರೆ ನೀರಿನಲ್ಲಿ ನೆನೆಹಾಕಿ ಉಪ್ಪು ಇಳಿಸಿ. ಹೊಸ ಮಣ್ಣಿನ ಮಡಕೆಯಲ್ಲಿ ಬೇಯಿಸುವವರು ಅದನ್ನೂ ಇಡೀ ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು, ಒಣ ಮಡಕೆ ಕಾವಿಗೆ ಬಿರುಕು ಬಿಡುತ್ತದೆ.

ಬೆಳಗ್ಗೆ: ಮಾಂಸ ತಣ್ಣೀರಿಗೆ, ಕಡಲೆ ಬಿಸಿನೀರಿಗೆ

ಈ ಒಂದು ಸಾಲನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ. ದೊಡ್ಡ ಪಾತ್ರೆಗೆ ಮಾಂಸ, ಹೆಂಟೆ, ಮೂಳೆಗಳು, ಹಾಮೋನ್, ಕೊಬ್ಬು ಹಾಕಿ 4 ಲೀಟರ್ ತಣ್ಣೀರು ಸುರಿದು ಒಲೆಗೇರಿಸಿ. ತಣ್ಣೀರಿನಿಂದ ನಿಧಾನವಾಗಿ ಕಾವೇರಿದಾಗ ಮಾಂಸದ ಸಾರ ನೀರಿಗೆ ಇಳಿಯುತ್ತದೆ, ಕಶ್ಮಲವೆಲ್ಲ ಬೂದು ಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಆ ನೊರೆಯನ್ನು ಸೌಟಿನಲ್ಲಿ ತೆಗೆಯುತ್ತಲೇ ಇರಿ. ಹತ್ತು ಹದಿನೈದು ನಿಮಿಷ ಇದರ ಹತ್ತಿರವೇ ನಿಲ್ಲಬೇಕು. ಈ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಹೋದರೆ ನೊರೆ ಸಾರಿನೊಳಗೆ ಬೆರೆತುಹೋಗುತ್ತದೆ, ಮತ್ತೆ ಅದನ್ನು ತಿಳಿಗೊಳಿಸಲು ಬರುವುದಿಲ್ಲ.

ನೊರೆ ನಿಂತು ನೀರು ತಿಳಿಯಾದ ಮೇಲೆ ಕಡಲೆಯ ಸರದಿ. ನೆನೆದ ಕಾಳನ್ನು ಬಸಿದು, ಬಿಸಿನೀರಿನಲ್ಲಿ ಒಮ್ಮೆ ತೊಳೆದು, ತೆಳುವಾದ ಮಲ್ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಕುದಿಯುವ ನೀರಿಗೆ ಇಳಿಬಿಡಿ. ಸ್ಪೇನಿನ ಮನೆಗಳಲ್ಲಿ ಇದಕ್ಕೆಂದೇ ಬಲೆಯ ಚೀಲ ಇರುತ್ತದೆ. ಕಾಳು ಉಬ್ಬಲು ಜಾಗ ಬೇಕು, ಆದ್ದರಿಂದ ಗಂಟು ಬಿಗಿಯಾಗಿರಬಾರದು. ಹೀಗೆ ಕಟ್ಟಿದರೆ ಸೌಟು ತಗುಲಿ ಕಾಳು ಒಡೆಯುವುದಿಲ್ಲ, ಬೆಂದಾಗ ಒಟ್ಟಿಗೆ ಎತ್ತಬಹುದು. ಕಡಲೆ ಬಿದ್ದ ಮೇಲೆ ಪಾತ್ರೆಗೆ ತಣ್ಣೀರು ಎಂದಿಗೂ ಹಾಕಬೇಡಿ. ಹಾಗೆ ಮಾಡಿದರೆ ಕಾಳು ಬಿಗಿದುಕೊಳ್ಳುತ್ತದೆ ಎಂಬುದು ಸ್ಪೇನಿನ ಅಜ್ಜಿಯಂದಿರು ಪಾಲಿಸಿಕೊಂಡು ಬಂದ ನಿಯಮ. ನೀರು ಕಡಿಮೆಯಾದರೆ ಸುರಿಯಲು ಪಕ್ಕದ ಒಲೆಯಲ್ಲಿ ಬಿಸಿನೀರು ಸದಾ ಇರಲಿ.

ಉರಿ

ಕಡಲೆ ಹಾಕಿದ ಮೇಲೆ ಮತ್ತೆ ಒಂದು ಕುದಿ ಬಂದೊಡನೆ ಉರಿಯನ್ನು ಪೂರ್ತಿ ತಗ್ಗಿಸಿ. ಸಾರಿನ ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಒಂದು ಒಡೆದ ಮೇಲೆ ಇನ್ನೊಂದು. ಕೊತಕೊತ ಕುದಿದರೆ ಎರಡು ಕೇಡು: ಕೊಬ್ಬು ನೀರಿನೊಡನೆ ಕಲಸಿಹೋಗಿ ಸಾರು ಹಾಲುಬಿಳುಪಾಗುತ್ತದೆ, ಕಾಳುಗಳು ಒಂದಕ್ಕೊಂದು ಬಡಿದು ಸಿಪ್ಪೆ ಕಳಚಿಕೊಳ್ಳುತ್ತವೆ. ಎನ್ಸೀನಾ ಇದ್ದಿಲಿನ ಹಿರಿಮೆ ಇರುವುದು ಇಲ್ಲಿಯೇ. ಆ ಮರ ಗಟ್ಟಿ, ಅದರ ಕೆಂಡ ಬೇಗ ಆರದೆ ಗಂಟೆಗಟ್ಟಲೆ ಒಂದೇ ಸಮನೆ ಕಾವು ಕೊಡುತ್ತದೆ. ದಪ್ಪ ಗೋಡೆಯ ಮಣ್ಣಿನ ಮಡಕೆ ಆ ಕಾವನ್ನು ಇನ್ನಷ್ಟು ನಿಧಾನಗೊಳಿಸಿ ಒಳಗೆ ಕಳುಹಿಸುತ್ತದೆ.

ಗ್ಯಾಸ್ ಒಲೆಯಲ್ಲಿ ಈ ಹದ ಹಿಡಿಯಲು ಬಿರಿಯಾನಿಗೆ ದಮ್ ಕಟ್ಟುವಾಗ ಮಾಡುವಂತೆ ಪಾತ್ರೆಯ ಕೆಳಗೆ ದಪ್ಪ ಕಬ್ಬಿಣದ ತವಾ ಇಡಿ, ಸಣ್ಣ ಬರ್ನರ್ ಬಳಸಿ. ಒವನ್ ಇರುವವರು ಮುಚ್ಚಳ ಮುಚ್ಚಿದ ಪಾತ್ರೆಯನ್ನು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಬಿಟ್ಟರೆ ಕೆಂಡದ ಒಲೆಗೆ ಬಹಳ ಹತ್ತಿರದ ಫಲ ಸಿಗುತ್ತದೆ. ಒಲೆಯ ಮೇಲಾದರೆ ಮುಚ್ಚಳವನ್ನು ತುಸು ಓರೆಯಾಗಿಡಿ.

ಎರಡೂವರೆಯಿಂದ ಮೂರು ಗಂಟೆ ಹೀಗೇ ಬಿಡಿ. ಎರಡು ಗಂಟೆಯಾದ ಮೇಲೆ ಆಗಾಗ ಒಂದು ಕಾಳು ತೆಗೆದು ನೋಡುತ್ತಿರಿ. ಕಾಳು ಬೆಂದಿದೆ, ಮಾಂಸ ಇನ್ನೂ ಗಟ್ಟಿಯಿದೆ ಎಂದಾದರೆ ಕಡಲೆಯ ಗಂಟನ್ನು ಎತ್ತಿ ಒಂದಿಷ್ಟು ಬಿಸಿಸಾರಿನಲ್ಲಿ ಮುಳುಗಿಸಿಡಿ. ಗಾಳಿಗೆ ಬಿಟ್ಟರೆ ಸಿಪ್ಪೆ ಸುಕ್ಕುಗಟ್ಟುತ್ತದೆ. ಉಪ್ಪನ್ನು ಈಗ ರುಚಿ ನೋಡಿ ಹಾಕಿ, ಮುಂಚೆಯಲ್ಲ. ಹಾಮೋನ್ ಎಷ್ಟು ಉಪ್ಪು ಬಿಡುತ್ತದೆ ಎಂಬುದು ಮೊದಲೇ ಹೇಳಲಾಗದು.

ಕುಕ್ಕರ್ ಬಳಸಬಹುದೇ? ಬಳಸಬಹುದು, ಸ್ಪೇನಿನ ಮನೆಗಳಲ್ಲೂ ಬಳಸುತ್ತಾರೆ. ಮಾಂಸವನ್ನು ಮೊದಲು ತೆರೆದ ಕುಕ್ಕರ್‌ನಲ್ಲಿ ಕುದಿಸಿ ನೊರೆ ತೆಗೆದು, ನಂತರ ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಒತ್ತಡ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು ಕಡಲೆ ಹಾಕಿ ಇನ್ನೊಂದು 20 ನಿಮಿಷ. ರುಚಿ ಬರುತ್ತದೆ, ತಿಳಿ ಅಷ್ಟು ಬರುವುದಿಲ್ಲ.

ತರಕಾರಿ, ಸಾಸೇಜು, ಗೊಜ್ಜು

ಕ್ಯಾರೆಟ್ ಮತ್ತು ಇಡಿಯಾದ ಆಲೂಗಡ್ಡೆ ಕೊನೆಯ ಅರ್ಧ ಗಂಟೆಯಲ್ಲಿ ಪಾತ್ರೆಗೆ ಹೋಗಲಿ.

ಎಲೆಕೋಸನ್ನು ಮಾತ್ರ ಸಾರಿನ ಪಾತ್ರೆಗೆ ಹಾಕಬೇಡಿ, ಅದರ ವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಚೊರೀಸೊ, ಮೊರ್ಸಿಯಾಗಳನ್ನೂ ಮನೆಯಲ್ಲಿ ಬೇರೆಯಾಗಿ ಬೇಯಿಸುವುದು ಲೇಸು. ಚೊರೀಸೊ ಸಾರನ್ನು ಕೆಂಪಾಗಿಸುತ್ತದೆ, ಮೊರ್ಸಿಯಾ ಕಪ್ಪಾಗಿಸುತ್ತದೆ. ಸಣ್ಣ ಪಾತ್ರೆಯಲ್ಲಿ ಸಾಸೇಜುಗಳನ್ನು 20 ನಿಮಿಷ ಬೇಯಿಸಿ, ಅದೇ ನೀರಿನಲ್ಲಿ ಎಲೆಕೋಸನ್ನೂ ಬೇಯಿಸಿ ಬಸಿಯಿರಿ. ಬಾಣಲೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಬಿಲ್ಲೆಗಳು ಹೊಂಬಣ್ಣಕ್ಕೆ ತಿರುಗಿದಾಗ ಕೋಸನ್ನು ಹಾಕಿ ಹೊರಳಾಡಿಸಿ.

ಟೊಮೆಟೊ ಗೊಜ್ಜಿಗೆ ಬೆಳ್ಳುಳ್ಳಿ, ಟೊಮೆಟೊಗಳನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಕುಟ್ಟಿದ ಜೀರಿಗೆ ಸೇರಿಸಿ, ಒಂದು ಸೌಟು ಸಾರು ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ಜೀರಿಗೆ ಬಿಡಬೇಡಿ, ಕಡಲೆ ಅದನ್ನು ಬೇಡುತ್ತದೆ.

ಬಡಿಸುವುದು

ಸಾರನ್ನು ಬಟ್ಟೆಯಲ್ಲಿ ಸೋಸಿ. ಮೇಲಿನ ಕೊಬ್ಬು ಬಹಳವಿದ್ದರೆ ಅರ್ಧ ತೆಗೆಯಿರಿ, ಪೂರ್ತಿ ತೆಗೆಯಬೇಡಿ. ಬೇಕಾದಷ್ಟು ಸಾರನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಶಾವಿಗೆ ಹಾಕಿ, ಮೂರು ನಾಲ್ಕು ನಿಮಿಷದಲ್ಲಿ ಇಳಿಸಿ. ನಮ್ಮ ಅಂಗಡಿಯ ಗೋಧಿ ಶಾವಿಗೆ ಆಗುತ್ತದೆ, ಆದರೆ ತುಪ್ಪದಲ್ಲಿ ಹುರಿಯಬೇಡಿ, ಹುರಿದ ಪರಿಮಳ ಸಾರನ್ನು ಮರೆಮಾಡುತ್ತದೆ. ಎಲ್ಲರೂ ಕುಳಿತ ಮೇಲೆಯೇ ಶಾವಿಗೆ ಹಾಕುವುದು ಒಳ್ಳೆಯದು, ಕಾದರೆ ಅದು ಸಾರನ್ನೆಲ್ಲ ಕುಡಿದುಬಿಡುತ್ತದೆ.

ಅವರು ಸಾರು ಕುಡಿಯುವ ಹೊತ್ತಿಗೆ ಒಂದು ಅಗಲ ತಟ್ಟೆಗೆ ಕಡಲೆ, ಆಲೂಗಡ್ಡೆ, ಕ್ಯಾರೆಟ್, ಕೋಸು ಜೋಡಿಸಿ, ಮೇಲೆ ಒಂದು ಸೌಟು ಬಿಸಿಸಾರು ಸುರಿದು ತನ್ನಿ. ಮತ್ತೊಂದರಲ್ಲಿ ತುಂಡರಿಸಿದ ಮಾಂಸ, ಸಾಸೇಜು, ಕೊಬ್ಬು. ಮಜ್ಜೆಯನ್ನು ಮೂಳೆಯಿಂದ ಬಡಿದು ಬ್ರೆಡ್ಡಿನ ಮೇಲೆ ಹಾಕಿ ಉಪ್ಪು ಉದುರಿಸಿ ಮನೆಯ ಹಿರಿಯರಿಗೆ ಮೊದಲು ಕೊಡಿ. ವಿನಿಗರ್ ಮೆಣಸಿನಕಾಯಿ ಸಿಗದಿದ್ದರೆ ಖಾರ ಕಡಿಮೆಯಿರುವ ಬಜ್ಜಿ ಮೆಣಸಿನಕಾಯಿಯನ್ನು ಸೀಳಿ ಉಪ್ಪು ಬೆರೆಸಿದ ವಿನಿಗರ್‌ನಲ್ಲಿ ಎರಡು ದಿನ ಮುಂಚೆ ನೆನೆಹಾಕಿಡಿ.

ಸಸ್ಯಾಹಾರಿಗಳಿಗೆ

ಮಾಂಸ ಬಿಟ್ಟು ಕೊಸೀದೊ ಮಾಡುವುದನ್ನು ನಾನು ಒಪ್ಪುವುದಿಲ್ಲ, ಸಾರೇ ಇರುವುದಿಲ್ಲ. ಅದರ ಬದಲು ಸೆವಿಯಾ ನಗರದ ಕಡಲೆ-ಪಾಲಕ್ ಮಾಡಿ, ಅದು ತನ್ನದೇ ಹಕ್ಕಿನಲ್ಲಿ ಸಂಪೂರ್ಣ ಸ್ಪ್ಯಾನಿಷ್ ಅಡುಗೆ. ಕಡಲೆಯನ್ನು ಮೇಲೆ ಹೇಳಿದಂತೆಯೇ ನೆನೆಹಾಕಿ ಬೇಯಿಸಿ. ಆಲಿವ್ ಎಣ್ಣೆಯಲ್ಲಿ ಎರಡು ತುಂಡು ಹಳೆಯ ಬ್ರೆಡ್ಡನ್ನೂ ನಾಲ್ಕು ಎಸಳು ಬೆಳ್ಳುಳ್ಳಿಯನ್ನೂ ಕರಿದು, ಜೀರಿಗೆ, ಒಂದು ಚಮಚ ವಿನಿಗರ್ ಸೇರಿಸಿ ಕಲ್ಲಿನಲ್ಲಿ ಅರೆಯಿರಿ. ಅದೇ ಎಣ್ಣೆಗೆ ಒಲೆ ಆರಿಸಿ ಪಿಮೆಂತೋನ್ ಎಂಬ ಸ್ಪೇನಿನ ಕೆಂಪು ಮೆಣಸಿನ ಪುಡಿ ಹಾಕಿ. ಅದು ಸಿಗದಿದ್ದರೆ ಬ್ಯಾಡಗಿ ಮೆಣಸಿನ ಪುಡಿ ಸ್ವಲ್ಪ. ಪುಡಿ ಸೀಯಬಾರದು, ಸೀದರೆ ಕಹಿ. ಬಾಡಿಸಿದ ಪಾಲಕ್, ಕಡಲೆ, ಅರೆದ ಮಸಾಲೆ, ಕಡಲೆ ಬೆಂದ ನೀರು ಎಲ್ಲ ಸೇರಿಸಿ ಹತ್ತು ನಿಮಿಷ ಕುದಿಸಿ.

ಮರುದಿನ

ಐದು ಜನಕ್ಕೆ ಮಾಡಿದ ಕೊಸೀದೊ ಅಂದೇ ಮುಗಿಯುವುದಿಲ್ಲ, ಮುಗಿಯಲೂಬಾರದು. ಸಾರು, ಕಡಲೆ, ಮಾಂಸಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಬೇಗ ತಣಿಸಿ ಫ್ರಿಜ್‌ನಲ್ಲಿಡಿ. ಸಾರು ಮರುದಿನ ಲೋಳೆಯಾಗಿ ಹೆಪ್ಪುಗಟ್ಟಿದ್ದರೆ ಮೂಳೆಯ ಸಾರ ಚೆನ್ನಾಗಿ ಇಳಿದಿದೆ ಎಂದರ್ಥ. ಈಗ ಮೇಲಿನ ಕೊಬ್ಬನ್ನು ಚಮಚದಲ್ಲಿ ಎತ್ತಿ ತೆಗೆಯುವುದು ಸುಲಭ. ಕಡಲೆಯನ್ನೂ ಹರಿದ ಮಾಂಸವನ್ನೂ ಈರುಳ್ಳಿ, ಬೆಳ್ಳುಳ್ಳಿಯೊಡನೆ ಅಂಚು ಗರಿಗರಿಯಾಗುವವರೆಗೆ ಬಾಣಲೆಯಲ್ಲಿ ಹುರಿದರೆ ರೋಪಾ ವಿಯೇಹಾ ಎಂಬ ತಿನಿಸಾಗುತ್ತದೆ.

ಉಳಿದ ಮಾಂಸ ಕ್ರೊಕೇತಾ ಎಂಬ ಕರಿದ ಉಂಡೆಗಳಿಗೆ. 60 ಗ್ರಾಂ ಬೆಣ್ಣೆಯಲ್ಲಿ 70 ಗ್ರಾಂ ಮೈದಾ ಹಸಿವಾಸನೆ ಹೋಗುವವರೆಗೆ ಹುರಿದು, ಅರ್ಧ ಲೀಟರ್ ಬಿಸಿಹಾಲನ್ನು ಸ್ವಲ್ಪ ಸ್ವಲ್ಪವಾಗಿ ಗಂಟಾಗದಂತೆ ಬೆರೆಸಿ. ಸಣ್ಣಗೆ ಕೊಚ್ಚಿದ ಮಾಂಸ ಹಾಕಿ, ತಳ ಬಿಡುವವರೆಗೆ ಕೈಯಾಡಿಸಿ, ತಟ್ಟೆಗೆ ಹರವಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಬೆರಳುದ್ದದ ಉಂಡೆ ಮಾಡಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ನಾಲ್ಕು ನಾಲ್ಕಾಗಿ ಕರಿಯಿರಿ. ಒಮ್ಮೆಗೇ ಹೆಚ್ಚು ಹಾಕಿದರೆ ಎಣ್ಣೆಯ ಕಾವಿಳಿದು ಅವು ಬಾಯಿಬಿಡುತ್ತವೆ.